ಕರೆಂಟು ಹೋದ ಹೊತ್ತು

ಸೊಲ್ಲಾಪುರದ ಈ ಶೆಡ್ಡಿನೊಳಗೆ
ಮಾತು ಹುಟ್ಟಿದಲ್ಲೇ ಸಾಯುತ್ತದೆ.
ಇಪ್ಪತ್ನಾಲ್ಕು ಮಗ್ಗ, ಇಪ್ಪತ್ನಾಲ್ಕು ಲಾಳಿ,
ಖಟಖಟ ಖಟಖಟ.
ಇಲ್ಲಿ ದೇವರನ್ನು ಕೂಗಿದರೂ
ತುಟಿ ನೋಡಿಯೇ ಅವನು ತಿಳಿಯಬೇಕು.

ಹಾಗಾಗಿ ನಮ್ಮದು ಕೈಮಾತು.
ಕಿರುಬೆರಳು ಮಡಿಸಿದರೆ ಎಳೆ ಕಡಿದಿದೆ,
ಮುಷ್ಟಿ ತಿರುವಿದರೆ ಕಂಡಿಕೆ ಮುಗಿದಿದೆ,
ಮೀಸೆ ತೀಡಿದರೆ ಸೇಠ್ ಬಂದ.
ಸೇಠನಿಗೆ ಮೀಸೆ ಇಲ್ಲ, ಅವನಪ್ಪನಿಗಿತ್ತು.
ತೆಲುಗಿನ ನರಸಯ್ಯ, ಮರಾಠಿಯ ದತ್ತೋಬಾ,
ಅಕ್ಕಲಕೋಟೆ ಕಡೆಯ ಕನ್ನಡದ ನಾನು.
ಹೊರಗೆ ಗಡಿ, ಬೋರ್ಡು, ಯಾವ ಊರು ಯಾರದು ಅಂತ
ಜಗಳಾಡುವ ಮೂರು ಬಾಯಿಗಳು
ಒಳಗೆ ಒಂದೇ ಕೈಯಲ್ಲಿ ಉಣ್ಣುತ್ತವೆ.

ಕಲಿಸಿದವಳು ಅವಳು,
ಮೂಲೆಯ ಹನ್ನೊಂದನೇ ಮಗ್ಗದವಳು.
ಹೊಸಬ ಬಂದರೆ ಮೇಸ್ತ್ರಿ ಗದ್ದ ಎತ್ತಿ ತೋರಿಸುತ್ತಾನೆ:
ಹೋಗು, ಆ ಮೂಗಿ ಹತ್ರ ಹದಿನೈದು ದಿನ ನಿಲ್ಲು.
ಅವಳು ಅಂಗಾಲಿನಿಂದ ಕೇಳುತ್ತಾಳೆ.
ಮಗ್ಗದ ಲಯ ತಪ್ಪಿದ್ದು
ನೆಲದಿಂದ ಹಿಮ್ಮಡಿಗೆ ಬರುತ್ತದಂತೆ.
ನಾವು ಕಣ್ಣು ಕಿರಿದು ಮಾಡಿ ಹುಡುಕುವಷ್ಟರಲ್ಲಿ
ಅವಳು ಗಂಟು ಹಾಕಿ ಮುಗಿಸಿರುತ್ತಾಳೆ.

ಆಮೇಲೆ ಕರೆಂಟು ಹೋಗುತ್ತದೆ.
ಒಮ್ಮೆಲೇ ಎಲ್ಲ ಮಗ್ಗ ನಿಂತು
ಕಿವಿಯಲ್ಲಿ ಬರೇ ಒಂದು ಜೀರುಂಡೆ.
ಕೈಗಳು ಸೊಂಟಕ್ಕೆ, ಜೇಬಿಗೆ, ತಂಬಾಕಿನ ಡಬ್ಬಿಗೆ.
ಬಾಯಿಗಳು ತೆರೆಯುತ್ತವೆ:
ಮಗಳ ಮದುವೆ, ಚೀಟಿ ದುಡ್ಡು, ಯಾರದೋ ಚಾಡಿ, ನಗು.
ಅರೆಗಳಿಗೆ ಹಿಂದೆ ನಮಗೆ ಗುರುವಾಗಿದ್ದವಳು
ಮೂಗಿಯಾಗುತ್ತಾಳೆ.
ಅವಳಿಗೇನೂ ಆಗಿರುವುದಿಲ್ಲ.
ಕರೆಂಟು ಹೋಗಿರುತ್ತದೆ, ಅಷ್ಟೇ.

ಇದನ್ನೆಲ್ಲ ಹೇಳುವಷ್ಟು ಒಳ್ಳೆಯವನಲ್ಲ ನಾನು.
ಇಪ್ಪತ್ತಾರು ವರ್ಷ ಪಕ್ಕದಲ್ಲೇ ನಿಂತು ನೋಡಿರಲಿಲ್ಲ.
ಹೋದ ಮಾಗಿಯಲ್ಲಿ ಸಿವಿಲ್ ಆಸ್ಪತ್ರೆಯ ಡಾಕ್ಟರು
ಕಿವಿಗೆ ಡಬ್ಬಿ ಕಟ್ಟಿ, ಗುಂಡಿ ಒತ್ತಿ,
ಎಡಕ್ಕೆ ಇಷ್ಟು ಶೇಕಡಾ, ಬಲಕ್ಕೆ ಇಷ್ಟು,
ಚಾದರಕ್ಕೆ ರೇಟು ಬರೆದ ಹಾಗೆ ಬರೆದುಕೊಟ್ಟರು.
ಅಂದಿನಿಂದ ಸೊಸೆ ನನ್ನೆದುರೇ ಮಗನನ್ನು ಕೇಳುತ್ತಾಳೆ:
"ಮಾವಾರಿಗೆ ಇನ್ನೊಂದ ಭಕ್ರಿ ಬೇಕಂತೇನ್ರೀ?"
ನನ್ನ ಬಾಯಿ ನನ್ನ ಮುಖದ ಮೇಲೇ ಇದೆ.
ಭಕ್ರಿ ಬೇಕಿತ್ತು.
ಮಗ ಬೇಡ ಅಂದ.

ಆ ರಾತ್ರಿ ಅವಳು ನೆನಪಾದಳು.
ಹೆಸರು ನೆನಪಾಗಲಿಲ್ಲ.
ಗೊತ್ತಿದ್ದರಲ್ಲವೇ.

ಶನಿವಾರ ಪಗಾರ.
ಮುನೀಮನ ಪುಸ್ತಕದಲ್ಲಿ 'ಹನ್ನೊಂದು, ಮೂಗಿ',
ಅದರ ಮುಂದೆ ನೀಲಿ ಹೆಬ್ಬೆಟ್ಟು,
ಪುಟ ತಿರುವಿದರೆ ಮತ್ತೊಂದು, ಮತ್ತೊಂದು.
ಯಾಕೋ, ನನ್ನ ಕೈಲಿದ್ದ ಪೆನ್ನು ಅವಳ ಕಡೆ ಚಾಚಿದೆ.
ಅವಳು ನನ್ನನ್ನು ನೋಡಿದಳು.
ಬೆರಳು ಸೆರಗಿಗೆ ಒರೆಸಿಕೊಂಡಳು. ಬರೆದಳು:
ಚಂದ್ರಭಾಗಾ ಗುರಪ್ಪ ಕೋರೆ.
ದುಂಡು ಕನ್ನಡ. ನನ್ನದಕ್ಕಿಂತ ದುಂಡು.
"ಇಕಿಗೆ ಬರಿಯಾಕ ಬರ್ತದೇನು!" ಅಂದ ಮುನೀಮ.
ಬರುತ್ತಿತ್ತು.
ಇಂಕಿನ ಪ್ಯಾಡು ಮೊದಲೇ ಮುಂದೆ ಇಟ್ಟರೆ
ಪೆನ್ನು ಕೇಳುವುದು ಯಾವ ಕೈಯಿಂದ?

ಇವತ್ತು ಮತ್ತೆ ಕರೆಂಟಿಲ್ಲ.
ನರಸಯ್ಯ ಬಾಯಿ ತೆರೆದ, ನನ್ನ ಕಿವಿ ನೋಡಿದ,
ಬಾಯಿ ಮುಚ್ಚಿ ಕೈ ಎತ್ತಿದ.
ಕೈ ಗಾಳಿಯಲ್ಲೇ ಉಳಿಯಿತು.
ನಮ್ಮ ಕೈಮಾತಲ್ಲಿ ಎಳೆ ಇದೆ, ಕಂಡಿಕೆ ಇದೆ,
ಸೇಠ್ ಇದ್ದಾನೆ, ಮದುವೆ ಇಲ್ಲ.
ಚಂದ್ರಭಾಗಾ ಮದುವೆ ತೋರಿಸಿದಳು,
ಬೆರಳ ತುದಿಯಿಂದ ಅಕ್ಷತೆ ಉದುರಿಸಿ.
ದತ್ತೋಬಾ ಅನುಕರಿಸಹೋಗಿ
ಹೆಣಕ್ಕೆ ಹೂ ಚೆಲ್ಲಿದ.
ಅವಳು ನಕ್ಕಳು. ಆ ನಗುವಿಗೆ ದೊಡ್ಡ ಸದ್ದಿತ್ತು,
ನನ್ನ ಬಲಗಿವಿಗೂ ಬಂತು.

ಚಹಾದ ಹುಡುಗ ಕಿಟಲಿ ಹಿಡಿದು ಬಂದ.
ಎಂದಿನಂತೆ ನನ್ನನ್ನೇ ಕೇಳಿದ: "ಅಕಿಗೆ?"
ನಾನು ಗೋಡೆಯ ಕ್ಯಾಲೆಂಡರು ಓದತೊಡಗಿದೆ.
ಇನ್ನೊಮ್ಮೆ ಕೇಳಿದನೇನೋ. ನಾನು ಕಿವುಡ.
ಕೊನೆಗೆ ಅವಳ ಕಡೆ ತಿರುಗಿ
ಹುಬ್ಬು ಎತ್ತಿದ.

ಅವಳು ಚಿಟಿಕೆ ಹಿಡಿದು ಉದುರಿಸಿ
ಅಂಗೈ ಅಡ್ಡ ಮಾಡಿದಳು:
ಸಕ್ಕರೆ ಬೇಡ.

ಇಪ್ಪತ್ತಾರು ವರ್ಷ ಕುಡಿದಿದ್ದಾಳೆ
ನಾವು ಹೇಳಿದ ಪಾಕದಂಥ ಚಹಾ.