ನಿನ್ನೆಯದಲ್ಲ

ದೂಮಣ್ಣನ ಹೊಸ ಬೋಟಿನ ಮೂತಿಗೆ
ಗುರಾಣಿಯೊಂದು ಬೇಕಂತೆ, ಫ್ರೆಂಚ್ ದೊರೆಗಳ ಕಾಲದ್ದು.
ಮಗಳ ಮೊಬೈಲಿನಲ್ಲಿ ಕಂಡದ್ದು, ಹೆಬ್ಬೆರಳಿನಗಲ.
"ಬರೀ ಹೆಸರು ಬರೆಸಿ ಸಾಕಾಯ್ತು ಮಾರಾಯ,
ವಂಶಕ್ಕೊಂದು ಗುರುತು ಬೇಡವಾ?"

ಬರೆಯುವುದೇನೋ ಬರೆದೇನು. ಓದುವುದು ಹೇಗೆ?
ಬೋಳಾರದ ಲಿಗೋರಿ ಮಾಸ್ಟ್ರ ಜಗಲಿಯಲ್ಲಿ ಕೂತೆ.
ಮೂವತ್ತು ವರ್ಷ ಫ್ರೆಂಚ್ ಕಲಿಸಿದವರು,
ಕೇಳುವವರು ಸಿಕ್ಕಿದರೆ ಈಗ ಚಾ ಎರಡು ಸಲ.

ಈ ಕವುಚಿದ ಗೆರೆ ಶೆವ್ರಾಂ, ಅಂದರೆ ಪಕ್ಕಾಸು.
ತಲೆಯೆತ್ತಿ ನೋಡು, ಅಂದರು.
ಹಂಚಿನಡಿ ಎರಡು ಮರ
ಹಣೆಗೆ ಹಣೆ ಕೊಟ್ಟು ನಿಂತಿದ್ದವು.
ಅದಕ್ಕೂ ಹಿಂದೆ ಆ ಮಾತು ಆಡು ಆಗಿತ್ತಂತೆ.
ಮಾಡಿನಿಂದ ಹಿಕ್ಕೆ ಬಿದ್ದೀತೆಂದು
ಚಾದ ಲೋಟಕ್ಕೆ ಅಂಗೈ ಮುಚ್ಚಿದೆ.

ನೀಲಿ ಬಿಳಿ ಗಂಟೆಗಳ ಸಾಲು, ವೇರ್:
ಚಳಿನಾಡಿನ ಅಳಿಲಿನ ಬೆನ್ನೊಂದು, ಹೊಟ್ಟೆಯೊಂದು,
ಮತ್ತೆ ಬೆನ್ನೊಂದು,
ಸೇರಿಸಿ ಹೊಲಿದ ನಿಲುವಂಗಿಯ ನೆನಪು.
ಒಂದು ಅಂಗಿಗೆ ಎಷ್ಟು ಅಳಿಲು ಮಾಸ್ಟ್ರೇ?
ಲೆಕ್ಕಕ್ಕೆ ಹೊರಟವರು ನಡುವೆ ಸುಮ್ಮನಾದರು.

ಅಝೂರ್, ನೀಲಿ. ಲಾಜವರ್ದ್ ಎಂಬ ಕಲ್ಲು
ಹಡಗು ಹತ್ತಿ ಇಳಿದು ಮತ್ತೆ ಹತ್ತುವಾಗ
ಮೊದಲಕ್ಷರ ಎಲ್ಲೋ ನೀರಿಗೆ ಬಿತ್ತು.
ಬಂದರಿನವರಿಗೆ ಇದೇನು ಹೊಸತಲ್ಲ;
ನನ್ನಜ್ಜನ ಅರ್ಧ ಹೆಸರು
ಬಸ್ರಾದ ರಿಜಿಸ್ಟರಿನಲ್ಲೇ ಉಳಿದಿದೆ.

ಸಾಬ್ಲ್ ಅಂದರೆ ಕಪ್ಪು, ಕಾಡುಪ್ರಾಣಿಯೊಂದರ ತುಪ್ಪಳ.
ಹಾಗೇ ಬರೆದು, ಹಾಗೇ ಹೇಳಿದರೆ
ಹೊಯಿಗೆ ಅಂತಲೂ ಆಗುತ್ತದಂತೆ.
ಹಾಗಾದರೆ ನಮ್ಮ ಹೊಯಿಗೆಬಜಾರು ಕಾಳಸಂತೆಯೋ?
ಮಾಸ್ಟ್ರು ನಕ್ಕ ರಭಸಕ್ಕೆ
ಎರಡನೆಯ ಚಾ ಪಂಚೆಯ ಮೇಲೆ.

ಕೆಂಪಿಗೆ ಬಂದಾಗ ಮಾತ್ರ ತಡವರಿಸಿದರು.
ಗ್ಯೋಲ್. ಗಂಟಲು, ಮೃಗದ ತೆರೆದ ಬಾಯಿ ಅನ್ನುತ್ತಾರೆ.
ಅಲ್ಲ, ಪಾರ್ಸಿಯ ಗುಲ್, ಗುಲಾಬಿ ಅಂತ ಕೆಲವರು.
"ಆದರೆ ಪಂಡಿತರು ಒಪ್ಪುವುದಿಲ್ಲ."

ಬೆಳಿಗ್ಗೆ ಐದು ಗಂಟೆ. ಧಕ್ಕೆ.
ಟ್ಯೂಬ್‌ಲೈಟಿನಡಿ ಕೂತ ಗುಲಾಬಿಯಕ್ಕ
ಅಂಜಲಿನ ಕಿವಿರನ್ನು ಹೆಬ್ಬೆರಳಲ್ಲಿ ಎತ್ತಿ
ಗಿರಾಕಿಯ ಮೂಗಿಗೇ ಹಿಡಿದಳು:
"ಸರಿ ನೋಡಿ, ನಿನ್ನೆಯದಲ್ಲ."

ಪಂಡಿತರು ಯಾರೂ ಅಲ್ಲಿ ಇರಲಿಲ್ಲ.
ಡಬ್ಬದ ಮುಚ್ಚಳ ಮೀಂಟಿ,
ಆ ಕೆಂಪು ಬರುವ ತನಕ ಕಲಸಿದೆ.

"ಇದರ ಅರ್ಥ ಏನಂತೆ?" ದೂಮಣ್ಣ ಕೇಳಿದ.
ನಿನ್ನೆಯದಲ್ಲ, ಅಂದೆ.
ವಂಶದ ಮಾತೆಂದು ತಿಳಿದು
ಅವನ ಎದೆ ಎರಡಿಂಚು ಮುಂದೆ ಬಂತು.
ಒರಗಬೇಡ ಮಾರಾಯ,
ಬಣ್ಣ ಇನ್ನೂ ಹಸಿ ಇದೆ.