ಎರಡು ಮೀಟರ್ ಸರಪಳಿ

ಮೊದಲನೇ ಗಾಡಿ ಹೋದ ದಿನ
ಕೀಲಿ ಹೋಗಿರಲಿಲ್ಲ.
ಹಾಕಿದ್ದು ಹಾಕಿದಂಗೇ
ಲೈಟಿನ ಕಂಬಕ್ಕ ಮುಂದಿನ ಗಾಲಿ ತಬ್ಬಿಕೊಂಡು ನಿಂತಿತ್ತು,
ಒಂದೇ ಗಾಲಿ.
ಪೆಟ್ಟಿಗಿ, ಹ್ಯಾಂಡಲ್, ಸೀಟು,
ರೊಟ್ಟಿ ಸುತ್ತೋ ಹಳೇ ಧೋತರದ ತುಂಡು ಸೈತ
ಶಹಾಬಜಾರ ದಾಟಿ ಎತ್ತಾಗೋ ಹೋಗ್ಯಾವ.
ಟೊಂಕದಾಗ ಕೀಲಿಕೈ ಇತ್ತು.
ತಿರುವಿ ನೋಡಿದೆ.
ಛಲೋ ಬಿಚ್ಚಿತು.

ಈಗಿಂದು ಕಪನೂರ ಶೆಡ್ಡಿನಾಗ ಜಬ್ಬಾರ ಬೆಸೆದು ಕೊಟ್ಟದ್ದು.
ಮೂರು ಗಾಲಿ, ಮುಂದ ತಗಡಿನ ಪೆಟ್ಟಿಗಿ,
ಖಡಕ್ ರೊಟ್ಟಿ ನಾನೂರು ಹಿಡಿತಾವ, ಒಂದೂ ಮುರಿಯಂಗಿಲ್ಲ.
ಮೂವತ್ತೊಂದು ಸಾವಿರ.
ಸಂಘದ ಏಳು ಮಂದಿ ಸಹಿ ಮ್ಯಾಲ ಉರುಳ್ತದ ಅದು.
ನಮ್ಮ ಖೋಲಿ ಮಾಳಿಗಿ ಮ್ಯಾಲ, ಮೆಟ್ಟಿಲು ಎರಡು ಫೂಟು ಅಗಲ.
ಗಾಡಿ ಹೊರಗೇ ಮಲಗಬೇಕು.

ಕಿರಾಣಾ ಬಜಾರದಾಗ ದಸ್ತಗೀರಸಾಬ
ಗಾಜಿನ ಮ್ಯಾಲ ಒಂದೊಂದೇ ಇಟ್ಟ.
ಹಸರು ತಂತಿದು ಹಾವಿನಂಗ ಸುತಗೊಂಡಿತ್ತು.
ಎಷ್ಟಂತ ಕೇಳೂದರಾಗ
ತಾನೇ ಕತ್ತರಿ ತಗೊಂಡು ಅದರ ಬಾಲ ಕಡದ:
ಕಟಕ್,
ಜೋಳದ ದಂಟು ಮುರದಂಗ.
"ಇದು ನಿಮಗ ಮಾರಂಗಿಲ್ಲ."
ನಾಕು ಅಂಕಿದು ಇತ್ತು, ಕೀಲಿಕೈ ಬ್ಯಾಡ.
ನಮ್ಮ ಗಲ್ಲ್ಯಾಗ ರಾತ್ರಿ ಒಂಬತ್ತಕ್ಕ ಆರು ಯಾವುದು, ಒಂಬತ್ತು ಯಾವುದು?
ಲಾಳದಂಥದ್ದು ಒಂದು, ಕೈಯಾಗ ಹಿಡದ್ರ ಧೈರ್ಯ ಬರ್ತದ.
ಆದ್ರ ನಮ್ಮ ಕಂಬ ಸಿಮೆಂಟಿಂದು,
ಲಾಳದ ಬಾಯಿ ಒಂದು ಗೇಣು.

ಕಡೀಕ ಸರಪಳಿ.
ಚೌಕ ಕೊಂಡಿ, ಬೆರಳ ದಪ್ಪ.
ತಕ್ಕಡಿಗಿ ಹಾಕಿಸಿದೆ: ಮೂರೂವರಿ ಕಿಲೋ.
ಎರಡು ಸಾವಿರದ ನೂರು,
ಅಂದ್ರ ಎರಡು ನೂರಾ ಹತ್ತು ರೊಟ್ಟಿ,
ಜೋಳದ್ದು, ಕಟಗೀದು ಲೆಕ್ಕ ಬಿಟ್ಟು.
"ಇದನ್ನ ಕಡಿಯಂಗಿಲ್ಲೇನು?"
"ಕಡೀತಾರಕ್ಕಾ. ಅದಕ್ಕ ಅರ್ಧ ಮಿನಿಟು, ಇದಕ್ಕ ಹತ್ತು.
ನಾವೇನು ಕೀಲಿ ಮಾರ್ತೀವಿ? ಮಿನಿಟು ಮಾರ್ತೀವಿ."
ಆಮ್ಯಾಲ ದನಿ ಇಳಿಸಿ,
"ಬಾಜೂದಕಿಂತ ನಿಮ್ದು ಗಟ್ಟಿ ಇದ್ರ ಸಾಕು,
ಅಂವ ಬಾಜೂದು ಒಯ್ತಾನ."

ಬಾಜೂಕ ಲಾಲಪ್ಪನ ಬಾಳಿಹಣ್ಣಿನ ಬಂಡಿ ನಿಂದ್ರತದ.
ನಾರಿನ ಹಗ್ಗ, ಮೂರು ಗಂಟು.
ಮೂರನೇ ಗಂಟು ಕಟ್ಟುವಾಗ ಅಂವ ಏನೋ ಅಂತಾನ,
ದೇವರಿಗೋ ಕಳ್ಳಗೋ ಗೊತ್ತಿಲ್ಲ.
ರೊಕ್ಕ ಎಣಸ್ತಿದ್ದೆ, ಲೆಕ್ಕ ತಪ್ಪಿತು.
ಮತ್ತ ಎಣಿಸಿದೆ.
ಮತ್ತ ತಪ್ಪಿತು.
"ಉದ್ದಂದು ಅದೇನ್ರಿ?"
"ಎರಡು ಮೀಟರಂದು ಅದ. ಆರನೂರು ಜಾಸ್ತಿ ಆಗ್ತದ. ಯಾಕ?"
ಯಾಕ ಅಂತ ಹೇಳ್ಲಿಲ್ಲ.
ಉಳದಿದ್ದ ಹಳೇ ಗಾಲಿ ತಂದು ಮುಂದಿಟ್ಟೆ,
ಮುನ್ನೂರಕ್ಕ ಹಿಡದ.
ಕೀಲಿಗೆ ಎರಡು ಕೈ ಕೊಟ್ಟ.

ಬ್ಯಾಸಗಿ ಮಧ್ಯಾಹ್ನ ಮುಟ್ಟಿದ್ರ ಚುರ್ ಅಂತದ,
ಸೈಕಲ್ಲಿನ ಟ್ಯೂಬು ಕೊಯ್ದು ಅಂಗಿ ತೊಡಿಸೀನಿ.
ಗಾಲಿಗಷ್ಟೇ ಅಲ್ಲ,
ಪೆಟ್ಟಿಗಿ ಕೆಳಗಿನ ದಪ್ಪ ಪೈಪಿನಾಗ ಹಾಯಿಸಿ,
ಲಾಲಪ್ಪನ ಬಂಡಿ ಅಚ್ಚಿನಾಗ ಹಾಯಿಸಿ,
ಕಂಬ ಒಂದು ಸುತ್ತು.
ಕೀಲಿ ನೆಲಕ್ಕ ಹತ್ತಬಾರದು, ಕಲ್ಲ ಮ್ಯಾಲ ಇಟ್ಟು ಕುಟ್ತಾರಂತ,
ದಸ್ತಗೀರಸಾಬ ಹೇಳ್ಯಾನ.
ಎರಡನೇ ಕೀಲಿಕೈ ಲಾಲಪ್ಪಗ ಕೊಟ್ಟೆ.
ಅಂವ ಅದನ್ನ ಹೊರಳಿಸಿ ಹೊರಳಿಸಿ ನೋಡಿದ.
"ನನ್ನ ಬಂಡಿ ಕಿಮ್ಮತ್ತು ಈ ಸರಪಳಿಯಷ್ಟಿಲ್ಲಲಾ" ಅಂದ.

ಈಗ ನಸೀಕಲೆ ನಾಕಕ್ಕ ಗಂಜಿಗೆ ಹೋಗ್ತಾನ.
ಕೆಳಗ ಸರಪಳಿ ಝಲ್ಲಂತದ.
ಮೊದಲನೇ ವಾರ ಎದ್ದೆದ್ದು ಕುಂತೆ,
ಕೈಯಾಗ ಲಟ್ಟಣಿಗಿ.
ಅಂವ ತನ್ನದು ಬಿಚ್ಚಿಕೊಂಡು ಹೋಗ್ತಾನ,
ನಂದು ತಿರುಗಿ ಹಾಕೋದು ಮರೀತಾನ.
ಹೇಳೀನಿ. ಹೂಂ ಅಂತಾನ. ಮರೀತಾನ.
ಎರಡು ಸಾವಿರದ ಏಳುನೂರಿನ ಸರಪಳಿ
ಕತ್ತಲಾಗ ಸುಮ್ಮ ಬಿದ್ದಿರ್ತದ.
ನಾನೇ ಇಳದು ಹೋಗಿ ಹಾಕಿ,
ಮ್ಯಾಲ ಬಂದು,
ನೀರು ಕುದಿಲಿಕ್ಕ ಇಡ್ತೀನಿ.