ಅರ್ಧ ಹಂಡೆ

ಈ ಹಂಡೆ ಅರ್ಧ ನನ್ನದು, ಅರ್ಧ ಲೌರಿಯದು.
ಯಾವ ಅರ್ಧ ಯಾರದೆಂದು ಕೇಳಬೇಡಿ.
ಮೂವತ್ತು ಲೀಟರಿನ ಉಕ್ಕು, ತಳದಲ್ಲಿ ಕಾಯಿಲು, ಅಡಿಯಲ್ಲಿ ಪಂಪು,
ಮುಖದ ಮೇಲೆ ನಾಲ್ಕು ಗುಂಡಿ, ಕೆಂಪು ಅಂಕಿ.
ಜವೆಯ ಗಂಜಿ ಬೇಯುವುದೂ ಇದರಲ್ಲೇ, ಸೋಸುವುದೂ ಇದರಲ್ಲೇ,
ಹಾಪ್ಸ್ ಹಾಕಿ ಕುದಿಸುವುದೂ ಇದರಲ್ಲೇ;
ಕುಡಿಯುವುದು ಮಾತ್ರ ನಾವು.

ತಿಂಗಳ ಮೊದಲ ಭಾನುವಾರ ನನ್ನ ಶೆಡ್ಡಿಗೆ,
ಮೂರನೆಯದು ಅವನ ಗ್ಯಾರೇಜಿಗೆ.
ನಡುವೆ ಕಲ್ಲುಗೋಡೆ, ಗೋಡೆಯ ಕಂಡಿಯಲ್ಲಿ ಒಂದು ಕೈಗಾಡಿ.
ಶೆಟ್‌ಲೆಂಡಿನ ಗಾಳಿ ಗೊತ್ತಲ್ಲ,
ಖಾಲಿ ಗಾಡಿಯಾದರೆ ತಾನೇ ತಳ್ಳಿಕೊಂಡು ಹೋಗುತ್ತದೆ.
ಕರಾರು ಒಂದೇ, ಕಾಗದದಲ್ಲಿಲ್ಲ:
ಮರಳಿಸುವ ದಿನ ತಳದಲ್ಲಿ ಮುಖ ಕಾಣಬೇಕು.

ಜನವರಿ. ಒಂಬತ್ತಾದರೂ ಬೆಳಕಿಲ್ಲ.
ಟಾರ್ಚು ಬಿಟ್ಟೆ. ಮುಖ ಕಂಡಿತು, ನನ್ನದೇ, ಅರವತ್ತೆರಡರದು.
ಅರವತ್ತಾರು ಡಿಗ್ರಿಗೆ ನೀರು. ಬುಟ್ಟಿಗೆ ಕಾಳು.
ಗುಂಡಿ ಒತ್ತಿದರೆ ಪಂಪು ಗೊಣಗಿತು,
ಎರಡು ಗುಟುಕು ಉಗುಳಿ ಸುಮ್ಮನಾಯಿತು.
ಮೇಲೆ ಗಂಜಿ ತಣ್ಣಗೆ, ಕೆಳಗೆ ತಳ ಹತ್ತಿ ಕರಿ;
ಅಂಕಿ ಹೋಗಿ ಒಂದು ಅಕ್ಷರ ಮಿಣುಕಿತು.
ಹೊಟ್ಟೆಯಡಿ ಕೈಹಾಕಿ ಕೆಂಪು ಗುಂಡಿ ಒತ್ತಿ, ಎನ್ನುತ್ತದೆ ಕೈಪಿಡಿ.
ಮೊದಲು ಖಾಲಿ ಮಾಡಿ ಎನ್ನುವುದು ಮುಂದಿನ ಪುಟದಲ್ಲಿದೆ.
ಮಣಿಕಟ್ಟಿನ ಗುಳ್ಳೆ ಇನ್ನೂ ಮಾಯ್ದಿಲ್ಲ.

ಸೀದ ವಾಸನೆಯನ್ನೆಲ್ಲ ಮೋರಿಗೆ ಸುರಿದು
ಲೌರಿಯನ್ನು ಬೈದೆ. ಬಾಯಲ್ಲಲ್ಲ.
ಫೆರಿಯ ಎಂಜಿನ್ ರೂಮಿನವನು, ಹೆಸರಿಗೆ ಮೆಕ್ಯಾನಿಕ್ಕು,
ಕಾಣುವ ತಳ ಉಜ್ಜಿ ಕಾಣದ ಪಂಪು ಬಿಟ್ಟವನು.
ಸೋಮವಾರ ಅವನು ಕೈಯೆತ್ತಿದ, ನಾನು ಬಟ್ಟೆ ಒಣಹಾಕುತ್ತಿದ್ದೆ.
ಗುರುವಾರ ಎತ್ತಿದ, ನಾನು ಆಕಾಶ ನೋಡುತ್ತಿದ್ದೆ. ಅಲ್ಲೇನೂ ಇರಲಿಲ್ಲ.
ಮೂರನೆಯ ಭಾನುವಾರ ಬಂತು, ಗಾಡಿ ಕದಲಲಿಲ್ಲ;
ಅವನು ಕೇಳಲೂ ಇಲ್ಲ, ಅದಕ್ಕೂ ಬೈದೆ.

ಹದಿನೇಳನೆಯ ದಿನ ಕರೆಂಟು ಹೋಯಿತು.
ಮಾಡಲು ಬೇರೇನಿಲ್ಲದೆ ಹಂಡೆ ಬೋರಲು ಹಾಕಿ
ಪಂಪಿನ ತಿರುಪು ಬಿಚ್ಚಿದೆ, ನಾಲ್ಕೂ,
ಸಾಕ್ಷಿ ಸಮೇತ ಹಿಡಿಯಬೇಕೆಂದು ಬಿಳಿ ತಟ್ಟೆ ಇಟ್ಟುಕೊಂಡು.
ಚಕ್ರದ ಹಲ್ಲಿಗೆ ಸಿಕ್ಕಿತ್ತು ಹೊಟ್ಟಿನ ಉಂಡೆ.
ತಟ್ಟೆಯಲ್ಲಿ ಬಿಡಿಸಿದೆ: ತೆಳುವು, ಉದ್ದ, ಒರಟು ಮುಳ್ಳಿನ ತುದಿ.
ಬೇರ್.
ತೆಂಕಣ ತುದಿಯ ಹೊಲದಲ್ಲಿ ನನ್ನ ಅಣ್ಣನ ಮಗಳು ಬೆಳೆಯುವ ಹಳೆಯ ಜವೆ,
ನಾನೇ ನೆನೆಸಿ, ಮೊಳಕೆ ಬರಿಸಿ, ಒಲೆಯ ಮೇಲೆ ಒಣಗಿಸಿದ್ದು.
ಲೌರಿ ಹಾಕುವುದು ಹಡಗಿನಲ್ಲಿ ಬರುವ ಚೀಲದ ಮಾಲ್ಟು,
ದುಂಡಗೆ, ದಪ್ಪಗೆ, ಒಂದರ ಹಾಗೆ ಇನ್ನೊಂದು.
ಕುಂಬಳಕಾಯಿ ಕಳ್ಳ ಅನ್ನಲು ಶೆಡ್ಡಿನಲ್ಲಿ ಯಾರೂ ಇರಲಿಲ್ಲ;
ಆದರೂ ಹೆಗಲು ಮುಟ್ಟಿ ನೋಡಿಕೊಂಡೆ.

ಕರೆಂಟು ಬಂದ ಮೇಲೆ ಬಿಸಿನೀರು, ಸೋಡದ ಪುಡಿ,
ಮುಕ್ಕಾಲು ಗಂಟೆ ಪಂಪು ಸುತ್ತಲಿ. ತೊಳೆ.
ನಿಂಬೆಹುಳಿ. ಮತ್ತೆ ಸುತ್ತಲಿ. ತೊಳೆ.
ತಳದ ಕರಿಗೆ ಉಕ್ಕಿನ ನಾರು ತಾಗಿಸುವಂತಿಲ್ಲ,
ಗೀರು ಬಿದ್ದಲ್ಲೇ ಮುಂದಿನ ಸಲ ಬೇಗ ಹತ್ತುತ್ತದೆ;
ಹುಳಿನೀರು ನಿಲ್ಲಿಸಿ ರಾತ್ರಿಯಿಡೀ ಕಾಯಬೇಕು.
ಕಾಯುವುದು ನನಗೆ ಬರುವುದಿಲ್ಲ. ಕಾದೆ.

ಅವನ ಸರದಿ ದಾಟಿ ಹೋಗಿತ್ತು.
ಆದರೂ ಗಾಡಿ ತಳ್ಳಿಕೊಂಡು ಹೋದೆ. ಹೇಳಿದೆ.
ಲೌರಿ ಕೈ ಒರೆಸಿಕೊಂಡ. ಗೊತ್ತಿತ್ತು ಒಸ್ಲಾ, ಅಂದ,
ಡಿಸೆಂಬರಿನಲ್ಲೇ ಕಟ್ಟಿತ್ತು. ಬಿಚ್ಚಿದ್ದರೆ
ನಿನ್ನ ಕಾಳನ್ನು ನಿನಗೇ ಎತ್ತಿ ತೋರಿಸಿದ ಹಾಗಾಗುತ್ತಿತ್ತು.
ಜಗ್ಗಿನಲ್ಲಿ ಮೊಗೆದು ಮೊಗೆದು ಮೇಲಿಂದ ಸುರಿದೆ, ಒಂದು ಗಂಟೆ.

ಹೇಳಬಾರದಿತ್ತೇ, ಅಂದೆ.
ಹೇಳಬಹುದಿತ್ತು, ಅಂದ.
ಆಮೇಲೆ ಗಾಡಿಯ ಚಕ್ರ ಒತ್ತಿ ನೋಡಿ
ಇದಕ್ಕೆ ಗಾಳಿ ಕಮ್ಮಿ ಅಂತ
ಪಂಪು ತರಲು ಒಳಗೆ ಹೋದ.